ಕರುಳಿಗೆ ಕಾವಲು: ಬಾಯಿಗೆ ಹಾಕುವ ಲಸಿಕೆಯ ಕಥೆ



ಪಲ್ಸ್ ಪೋಲಿಯೊ ಭಾನುವಾರ ಅಂಗನವಾಡಿಯಲ್ಲೋ ಬಸ್ ನಿಲ್ದಾಣದಲ್ಲೋ ಮಕ್ಕಳ ಬಾಯಿಗೆ ಎರಡು ಹನಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಸೂಜಿ ಬೇಡ, ಒಂದಿಷ್ಟು ತರಬೇತಿ ಇದ್ದರೆ ಸ್ವಯಂಸೇವಕರೂ ಹಾಕಬಹುದು. ಇದು ದೊಡ್ಡ ಅನುಕೂಲವೇ. ಆದರೆ ವಿಜ್ಞಾನಿಗಳು ಬಾಯಿಯ ದಾರಿ ಹಿಡಿದದ್ದಕ್ಕೆ ಇದಕ್ಕಿಂತ ಆಳವಾದ ಕಾರಣವಿತ್ತು.

1955ರಲ್ಲಿ ಅಮೆರಿಕದ ಜೋನಾಸ್ ಸಾಕ್ ಅವರ ಪೋಲಿಯೊ ಚುಚ್ಚುಮದ್ದು ಬಂತು. ಅದರಲ್ಲಿದ್ದದ್ದು ನಿಷ್ಕ್ರಿಯಗೊಳಿಸಿದ ವೈರಸ್. ರಕ್ತದಲ್ಲಿ ಪ್ರತಿಕಾಯ ಬೆಳೆಸಿ ಅದು ಮಗುವನ್ನು ಅಂಗವೈಕಲ್ಯದಿಂದ ಕಾಪಾಡುತ್ತಿತ್ತು. ಪೋಲಿಯೊ ವೈರಸ್ ಬೀಡುಬಿಡುವುದು ಮಾತ್ರ ಕರುಳಿನಲ್ಲಿ. ಚುಚ್ಚುಮದ್ದು ಪಡೆದ ಮಗುವಿನ ಕರುಳಲ್ಲೂ ಅದು ಬೆಳೆದು, ಮಲದ ಮೂಲಕ ಇನ್ನೊಂದು ಮಗುವಿಗೆ ದಾಟಬಹುದಿತ್ತು. ರೋಗ ಬರುವ ದಾರಿಯಲ್ಲೇ ಲಸಿಕೆಯೂ ಹೋಗಬೇಕು ಎಂದವರು ಆಲ್ಬರ್ಟ್ ಸೇಬಿನ್. ದುರ್ಬಲಗೊಳಿಸಿದ ಜೀವಂತ ವೈರಸ್ಸನ್ನು ಅವರು ಬಾಯಿಗೆ ಹನಿಸಲು ಹೊರಟರು. ಆ ಹೊತ್ತಿಗೆ ಅಮೆರಿಕದ ಮಕ್ಕಳಿಗೆಲ್ಲ ಸಾಕ್ ಲಸಿಕೆ ಸಿಗುತ್ತಿದ್ದುದರಿಂದ ದೊಡ್ಡ ಪ್ರಯೋಗಕ್ಕೆ ಅಲ್ಲಿ ಅವಕಾಶ ಕಡಿಮೆ. ಶೀತಲ ಸಮರದ ನಡುವೆಯೇ ಸೇಬಿನ್ ತಮ್ಮ ವೈರಸ್ ತಳಿಗಳನ್ನು ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚುಮಕೋವ್ ಅವರಿಗೆ ಕೊಟ್ಟರು. 1959ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಆ ಲಸಿಕೆಯನ್ನು ತೆಗೆದುಕೊಂಡರು. ಕೆಲವೇ ವರ್ಷಗಳಲ್ಲಿ ಅಮೆರಿಕದವರೂ ಸಕ್ಕರೆ ತುಂಡಿನ ಮೇಲೆ ಹನಿಸಿದ ಸೇಬಿನ್ ಲಸಿಕೆಗೆ ಸಾಲುಗಟ್ಟಿ ನಿಂತರು.

ನಮ್ಮಲ್ಲಿ ಕಥೆ ಇಷ್ಟು ಸಲೀಸಾಗಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ಒಂದು ಸಂಗತಿ ಗಮನಿಸಿದರು: ಶೀತದೇಶಗಳಲ್ಲಿ ಸಾಕಾಗುವ ಮೂರು ಡೋಸ್ ಇಲ್ಲಿನ ಅನೇಕ ಮಕ್ಕಳಿಗೆ ಸಾಲುತ್ತಿರಲಿಲ್ಲ. ಹಾಗಾಗಿ ಮತ್ತೆ ಮತ್ತೆ, ಎಲ್ಲ ಮಕ್ಕಳಿಗೂ ಒಟ್ಟಿಗೇ ಹನಿ ಹಾಕಬೇಕು ಎಂದು ಅವರು ವಾದಿಸಿದರು. 1995ರ ಡಿಸೆಂಬರ್‌ನಲ್ಲಿ ಪಲ್ಸ್ ಪೋಲಿಯೊ ದೇಶವ್ಯಾಪಿಯಾಯಿತು. ಆದರೂ ಉತ್ತರ ಪ್ರದೇಶ, ಬಿಹಾರಗಳಲ್ಲಿ ಎಂಟು ಹತ್ತು ಡೋಸ್ ಪಡೆದ ಮಕ್ಕಳಿಗೂ ಪೋಲಿಯೊ ತಗುಲಿದ್ದುಂಟು. ದೇಶದಲ್ಲಿ ಸಹಜ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ.

ಹನಿಯನ್ನು ತಂಪಾಗಿಟ್ಟು ಸಾಗಿಸುವುದೂ ಒಂದು ಸಾಹಸ. ಮುಂದಿನ ಸಲ ಬೂತ್‌ಗೆ ಹೋದಾಗ ಆ ಪುಟ್ಟ ಬಾಟಲಿಯ ಲೇಬಲ್ ನೋಡಿ. ಬಣ್ಣದ ವೃತ್ತದೊಳಗೆ ತಿಳಿಬಣ್ಣದ ಚೌಕವೊಂದಿರುತ್ತದೆ. ಬಿಸಿ ತಾಗಿದಂತೆಲ್ಲ ಚೌಕ ಕಪ್ಪೇರುತ್ತದೆ. ವೃತ್ತದ ಬಣ್ಣಕ್ಕೆ ಸಮನಾಯಿತೋ, ಆ ಬಾಟಲಿಯನ್ನು ಬಳಸುವಂತಿಲ್ಲ. 1996ರಿಂದ ಬಳಕೆಗೆ ಬಂದ ಈ ಗುರುತನ್ನು ಓದಲು ಯಂತ್ರ ಬೇಡ, ಆಶಾ ಕಾರ್ಯಕರ್ತೆಯ ಕಣ್ಣೇ ಸಾಕು.

ಬಾಯಿಗೇ ಹಾಕುವ ಇನ್ನೊಂದು ಲಸಿಕೆ ರೋಟಾವೈರಸ್‌ನದು. ಎಳೆಮಕ್ಕಳಲ್ಲಿ ತೀವ್ರ ಭೇದಿ ತರುವ ವೈರಸ್ ಇದು. ಅಮೆರಿಕದಲ್ಲಿ 1998ರಲ್ಲಿ ಬಂದ ಮೊದಲ ಲಸಿಕೆಯನ್ನು ಮರುವರ್ಷವೇ ಹಿಂತೆಗೆದುಕೊಳ್ಳಬೇಕಾಯಿತು. ಕೆಲವು ಶಿಶುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಳ್ಳುವ ಅಪಾಯ ಕಂಡುಬಂದಿತ್ತು. ನಮ್ಮ ವಿಜ್ಞಾನಿಗಳು ಬೇರೆ ಸುಳಿವು ಹಿಡಿದಿದ್ದರು. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ. ಕೆ. ಭಾನ್ ಮತ್ತು ಸಂಗಡಿಗರಿಗೆ, ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ತಂಡಕ್ಕೆ, ಸೋಂಕು ತಗುಲಿಯೂ ಭೇದಿಯಾಗದ ನವಜಾತ ಶಿಶುಗಳಲ್ಲಿ ವಿಶಿಷ್ಟ ತಳಿಗಳು ಸಿಕ್ಕವು. ಅವುಗಳಲ್ಲಿ ದನಗಳ ರೋಟಾವೈರಸ್‌ನ ಅಂಶವೂ ಬೆರೆತಿತ್ತು. ಎರಡನ್ನೂ ಮಕ್ಕಳಲ್ಲಿ ಪರೀಕ್ಷಿಸಿದಾಗ ದೆಹಲಿಯ ತಳಿಗೆ ಹೆಚ್ಚು ಪ್ರತಿಕ್ರಿಯೆ ಬಂತು. ಹೈದರಾಬಾದಿನ ಭಾರತ್ ಬಯೋಟೆಕ್ ಅದರಿಂದ ರೋಟಾವ್ಯಾಕ್ ತಯಾರಿಸಿತು. 2016ರಲ್ಲಿ ಅದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಸೇರಿತು. ತೀವ್ರ ರೋಟಾವೈರಸ್ ಭೇದಿಯನ್ನು ಅದು ಮೊದಲ ವರ್ಷ ತಡೆದದ್ದು ಶೇಕಡ 56ರಷ್ಟು. ಕಡಿಮೆ ಎನಿಸಬಹುದು. ಆದರೆ ರೋಗ ಇಷ್ಟು ವ್ಯಾಪಕವಾಗಿರುವ ದೇಶದಲ್ಲಿ ಅರ್ಧ ತಡೆದರೂ ಆಸ್ಪತ್ರೆಗಳ ಎಷ್ಟೋ ಹಾಸಿಗೆ ಖಾಲಿಯಾಗುತ್ತವೆ.

ಒಂದೇ ಬಗೆಯ ಲಸಿಕೆ ಊರಿಂದೂರಿಗೆ ಏಕೆ ಬೇರೆ ಫಲ ಕೊಡುತ್ತದೆ? ಕರುಳಿನಲ್ಲಿ ಮೊದಲೇ ಠಿಕಾಣಿ ಹೂಡಿದ ಬೇರೆ ವೈರಸ್‌ಗಳು, ಅಪೌಷ್ಟಿಕತೆ, ತಾಯಿಯಿಂದ ಬಂದ ಪ್ರತಿಕಾಯಗಳು, ಕೊಳಕು ನೀರಿನಿಂದ ಪದೇಪದೇ ಊದಿಕೊಳ್ಳುವ ಕರುಳಿನ ಒಳಪದರ ಇವೆಲ್ಲ ಅಡ್ಡಬರುತ್ತವೆ. ಮೇಲಾಗಿ, ಊಟವನ್ನು ಶತ್ರುವೆಂದು ತಿಳಿಯದಿರುವುದು ಕರುಳಿನ ಸ್ವಭಾವ. ಅಂಥ ಕರುಳನ್ನು ಲಸಿಕೆ ಎಚ್ಚರಿಸಬೇಕು, ಅದಕ್ಕೂ ಮೊದಲು ಜಠರದ ಆಮ್ಲವನ್ನು ದಾಟಬೇಕು.

ಜೀವಂತ ಹನಿಗೆ ಇನ್ನೊಂದು ಮುಖವಿದೆ. ಲಸಿಕೆ ಪಡೆಯದವರೇ ಹೆಚ್ಚಿರುವ ಕಡೆ ಲಸಿಕೆಯ ವೈರಸ್ ಒಬ್ಬರಿಂದೊಬ್ಬರಿಗೆ ದಾಟುತ್ತಾ ಬದಲಾಗಿ, ಅಪರೂಪಕ್ಕೆ ಪಾರ್ಶ್ವವಾಯು ತರಬಲ್ಲುದು. ಈ ಕಾರಣಕ್ಕೇ 2016ರಲ್ಲಿ ಪೋಲಿಯೊ ವೈರಸ್ಸಿನ ಎರಡನೇ ಬಗೆಯನ್ನು ಹನಿಯಿಂದ ಕೈಬಿಡಲಾಯಿತು. 2021ರಲ್ಲಿ ಆ ಬಗೆಗೆಂದೇ ಹೆಚ್ಚು ಸ್ಥಿರವಾದ ಹೊಸ ಲಸಿಕಾ ತಳಿ ಬಳಕೆಗೆ ಬಂತು. ಬಾಯಿಗೇ ಹಾಕುವ ಕಾಲರಾ ಲಸಿಕೆಯ ತೊಂದರೆ ಬೇರೆ: 2022ರಲ್ಲಿ ದಾಸ್ತಾನು ಸಾಲದೆ, ಕಾಲರಾ ಹರಡಿದ ಕಡೆಗಳಲ್ಲಿ ಎರಡು ಡೋಸ್ ಬದಲು ಒಂದೇ ಡೋಸ್ ಕೊಡಲು ತೀರ್ಮಾನಿಸಬೇಕಾಯಿತು.

‘ಹೋದ ಸಲ ಹಾಕಿಸಿದ್ದೇವಲ್ಲ, ಮತ್ತೇಕೆ?’ ಎಂದು ಪೋಷಕರು ಕೇಳುವುದು ಸಹಜ. ಒಂದೆರಡು ಸಲಕ್ಕೆ ನಮ್ಮ ಮಕ್ಕಳ ಕರುಳು ಒಗ್ಗುವುದಿಲ್ಲ ಎಂಬುದನ್ನು ವೆಲ್ಲೂರು ಐವತ್ತು ವರ್ಷದ ಹಿಂದೆಯೇ ತೋರಿಸಿಕೊಟ್ಟಿದೆ. ರೋಟಾವೈರಸ್ ಲಸಿಕೆ ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ, ಮೂರನ್ನೂ ಹಾಕಿಸಿ. ಪೋಲಿಯೊ ಭಾನುವಾರ ಬಂದಾಗ, ಎಷ್ಟು ಸಲ ಹಾಕಿಸಿದ್ದರೂ, ಐದು ವರ್ಷದೊಳಗಿನ ಮಗುವನ್ನು ಕರೆದುಕೊಂಡು ಹೋಗಿ.