ಕಡತ ಕಟ್ಟೋ ಮೊದಲು

ಬೆಂಗಳೂರಿನ ಮಡಿವಾಳದ ಸೋಮೇಶ್ವರ ದೇವಸ್ಥಾನದಲ್ಲಿ 1247ರ ಒಂದು ತಮಿಳು ಶಾಸನ ಇದೆ. ಬೇಗೂರಿನವರೊಬ್ಬರು ವೆಂಗಳೂರಿನ ದೊಡ್ಡ ಕೆರೆ ಕೆಳಗಿನ ಜಮೀನನ್ನ ದಾನ ಕೊಟ್ಟ ಸಂಗತಿ ಅದರಲ್ಲಿದೆ. ಅಲ್ಲೇ ಇನ್ನೊಂದು ಶಾಸನದಲ್ಲಿ ತಾವರೆಕೆರೆ ಏರಿಯ ಮಾತು ಬರುತ್ತೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ತಾನೇ ಬಿಟಿಎಂ ಬಡಾವಣೆ ಆಗಿದ್ದು? ಅದರಲ್ಲಿ ತಾವರೆಕೆರೆಯ ದಾಖಲೆ ಕಲ್ಲಲ್ಲಿದೆ, ಇದ್ದ ಜಾಗದಲ್ಲೇ ಇದೆ. ಕಾಗದಕ್ಕೆ ಆ ಭಾಗ್ಯ ಇಲ್ಲ. ಬಡಾವಣೆ ಸಂಘದ ನಡಾವಳಿ ಪುಸ್ತಕ, ಬಿಡಿಎ ನೀಲಿನಕ್ಷೆ, ಹಳೇ ಫೋಟೋ, ಯಾರದೋ ಮನೆಯಿಂದ ಬಂದ ಓಲೆಗರಿ ಕಟ್ಟು, ಎಲ್ಲ ಯಾವುದೋ ಬಾಡಿಗೆ ಮಹಡಿಯಲ್ಲಿರುತ್ತೆ. ಕರಾರು ಮುಗಿದ ದಿನ ಎತ್ಕೊಂಡು ಹೊರಡಬೇಕು. ಅಂಥ ಸಂಗ್ರಹವನ್ನ ಹೇಗೆ ಸಾಗಿಸೋದು ಅನ್ನೋದೇ ಇವತ್ತಿನ ವಿಷಯ.

ಸಾಗಣೆಯಲ್ಲಿ ಹರಿಯೋ ಕಾಗದಕ್ಕಿಂತ ಕಲಸಿಹೋಗೋ ಕಾಗದವೇ ಜಾಸ್ತಿ. ಇದು ನನ್ನ ಗಟ್ಟಿ ಅಭಿಪ್ರಾಯ, ಯಾಕೆ ಅಂತ ಹೇಳ್ತೀನಿ.

ಪುರಾತತ್ವ ಇಲಾಖೆಯ ಶಾಸನ ಶಾಖೆಯ ಕಥೆ ತಗೊಳ್ಳಿ. 1886ರಲ್ಲಿ ಬೆಂಗಳೂರಲ್ಲೇ ಶುರುವಾಗಿ, ಮದರಾಸು, ಊಟಿ ಸುತ್ತಿ, 1966ರಲ್ಲಿ ಮೈಸೂರಿಗೆ ಬಂತು. ಅದರ ಆಸ್ತಿ ಅಂದ್ರೆ ಪಡಿಯಚ್ಚು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗೆ ಕೂರೋ ಹಾಗೆ ಬ್ರಶ್ಶಿನಿಂದ ಬಡಿದು, ಮೇಲೆ ಮಸಿ ತಟ್ಟಿ ತೆಗೆಯೋ ಹಾಳೆ ಅದು. ಸುತ್ತ ಕಪ್ಪು, ಅಕ್ಷರ ಬಿಳಿ. ಪ್ರತಿ ಹಾಳೆಗೂ ವರ್ಷ, ಕ್ರಮಸಂಖ್ಯೆ. ಆ ಸಂಖ್ಯೆ ಹಿಡಿದು ವಾರ್ಷಿಕ ವರದಿ ತೆಗೆದರೆ ಊರು, ಕಲ್ಲಿರೋ ಜಾಗ, ಅರಸನ ಹೆಸರು ಸಿಗುತ್ತೆ. ಹಾಳೆ ಮಡಿಕೆಯಲ್ಲಿ ಸೀಳಿದರೆ ಜೋಡಿಸಬಹುದು. ಸಂಖ್ಯೆ ಬರೆದ ಮೂಲೆ ಕಳೆದುಹೋದರೆ, ಅಷ್ಟರಲ್ಲಿ ಆ ಕಲ್ಲೂ ರಸ್ತೆ ಅಗಲೀಕರಣದಲ್ಲಿ ಮಾಯ ಆಗಿದ್ದರೆ, ಅದು ಯಾವೂರಿನ ಮಾತು ಅಂತ ಹೇಳೋರು ಯಾರು? 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳು ಪಡಿಯಚ್ಚುಗಳನ್ನ ಚೆನ್ನೈಗೆ ಕಳಿಸಿ ಅಂತ ಆದೇಶ ಮಾಡಿತು. ಜನ ಅದನ್ನ ಭಾಷೆಯ ಜಗಳ ಅಂತ ನೋಡಿದರು. ನನಗೆ ಕಂಡಿದ್ದು ಸಂಖ್ಯೆ ಸರಿನೋಡೋ ಸಿಬ್ಬಂದಿಯ ಕಷ್ಟ.

ಹಾಗಾಗಿ ಡಬ್ಬ ಕೊಳ್ಳೋದಕ್ಕೂ ಮೊದಲು ಪಟ್ಟಿ ಮಾಡಿ. ಯಾವ ಬೀರು, ಎಷ್ಟನೇ ಅಡ್ಡಹಲಗೆ, ಎಡದಿಂದ ಎಷ್ಟನೇ ಕಟ್ಟು. ಪಕ್ಕದ ಕಾಲಂನಲ್ಲಿ ಹೊಸ ಜಾಗ. ಪ್ರತಿ ಬೀರುವಿನದೂ ಒಂದು ಫೋಟೋ ತೆಗೀರಿ. "ಹೇಗಿದ್ದರೂ ಖಾಲಿ ಮಾಡ್ತಿದ್ದೀವಿ, ವಿಷಯವಾರು ಜೋಡಿಸಿಬಿಡೋಣ" ಅಂತ ಯಾರಾದರೂ ಹೇಳೇ ಹೇಳ್ತಾರೆ. ದಯವಿಟ್ಟು ಬೇಡ. ನಡಾವಳಿ ಪುಸ್ತಕದ ಮಧ್ಯೆ ಬೋರ್‌ವೆಲ್ ರಸೀದಿ ಸಿಕ್ಕಿಸಿರ್ತಾರೆ. ಆ ಪುಟದಲ್ಲೇ ಇದ್ದರೆ ಯಾವ ಸಭೆ, ಯಾರು ಒಪ್ಪಿದರು, ಯಾರು ತಕರಾರು ತೆಗೆದರು, ಎಲ್ಲ ಗೊತ್ತಾಗುತ್ತೆ. ಕಿತ್ತು 'ರಸೀದಿ' ಅನ್ನೋ ಡಬ್ಬಕ್ಕೆ ಹಾಕಿದರೆ ಬರೀ ಚೀಟಿ.

ಕಟ್ಟೋವಾಗ ರಬ್ಬರ್ ಬ್ಯಾಂಡ್ ತೆಗೀರಿ, ಹತ್ತಿ ಲಾಡಿ ಹಾಕಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ. ನುಸಿಗುಳಿಗೆಯೂ ಬೇಡ. ಅದರ ಆವಿ ಮನುಷ್ಯರಿಗೂ ಒಳ್ಳೇದಲ್ಲ. ಹುಳ ಕಂಡ ಕಟ್ಟನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡಿ, ಇಲ್ಲಾಂದ್ರೆ ಹೊಸ ಕಟ್ಟಡಕ್ಕೆ ಮೊದಲು ಗೃಹಪ್ರವೇಶ ಮಾಡೋದು ಹುಳವೇ. ಓಲೆಗರಿ ಕಟ್ಟಿನ ದಾರ ಸಡಿಲ ಇದ್ದರೆ ದಾರಿಯುದ್ದಕ್ಕೂ ಗರಿಗೆ ಗರಿ ಉಜ್ಜುತ್ತೆ. ಎರಡೂ ಕಡೆ ಹಲಗೆ ಇಟ್ಟು, ಬಿಗಿಯಾಗಿ ಆದರೆ ಮುರಿಯದ ಹಾಗೆ ಕಟ್ಟಿ, ಬಟ್ಟೆ ಸುತ್ತಿ. ನೀಲಿನಕ್ಷೆಗೆ ಬೆಳಕೂ ಆಗದು, ಕ್ಷಾರ ಬೆರೆಸಿದ ಕಾಗದವೂ ಆಗದು, ಬಣ್ಣ ಹೋಗುತ್ತೆ. ಕ್ಷಾರ ಬೆರೆಸದ, ಆಮ್ಲವೂ ಇಲ್ಲದ ಕಾಗದದಲ್ಲಿ ಸುತ್ತಿ.

ಇನ್ನು ತೂಕ. ಬೀರುವಿನಲ್ಲಿ ಒಂದು ಮೀಟರ್ ಉದ್ದಕ್ಕೆ ಜೋಡಿಸಿದ ಕಡತ ಹತ್ತಿರ ಹತ್ತಿರ 50 ಕಿಲೋ ಬರುತ್ತೆ. ಅದಕ್ಕೇ ಡಬ್ಬ ಚಿಕ್ಕದಿರಲಿ, ಒಬ್ಬರೇ ಎತ್ತೋ ಹಾಗಿರಲಿ. ಹೊಸ ಜಾಗ ವಾಸಕ್ಕೆ ಕಟ್ಟಿದ ಮನೆಯಾಗಿದ್ದರೆ ಜಾಸ್ತಿ ಹುಷಾರು. ನಮ್ಮ ಕಟ್ಟಡ ಮಾನದಂಡದಲ್ಲಿ ಮನೆಯ ನೆಲಕ್ಕೆ ಲೆಕ್ಕ ಹಿಡಿಯೋ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಪುಸ್ತಕ ಪೇರಿಸೋ ಕೋಣೆಗೆ ಅದರ ಮೂರು ಪಟ್ಟಿಗೂ ಕಮ್ಮಿ ಇಲ್ಲ. ಎಂಜಿನಿಯರ್ ನೋಡದೆ ಮಹಡಿ ಮೇಲೆ ಸಾಲಾಗಿ ಬೀರು ನಿಲ್ಲಿಸಬೇಡಿ. ಹಾಗಂತ ನೆಲಮಾಳಿಗೆಗೆ ಇಳಿಸಲೂ ಬೇಡಿ. 2025ರ ಮೇ ಮಳೆಗೆ ಬಿಟಿಎಂ 2ನೇ ಹಂತದ ಎನ್.ಎಸ್. ಪಾಳ್ಯದಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನುಗ್ಗಿದ ನೀರು ತೆಗೆಯೋವಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬ ಇನ್ನೂ ಹುಡುಗ. ಕಾಗದ ಉಳಿಸೋಕೆ ಯಾರೂ ಅಂಥ ನೀರಿಗೆ ಇಳಿಯೋ ಪರಿಸ್ಥಿತಿ ಬರಬಾರದು.

ಸಾಗಣೆಗೆ ಜನವರಿ, ಫೆಬ್ರವರಿ ಒಳ್ಳೇದು. ಮಳೆ ಇರಲ್ಲ, ಗಾಳಿ ಒಣಗಿರುತ್ತೆ. ಪ್ರತಿ ಟೆಂಪೋ ಜೊತೆ ಪಟ್ಟಿ ಹಿಡಿದ ಒಬ್ಬರು ಹೋಗಲಿ, ಇಳಿಸೋ ಕಡೆ ಇನ್ನೊಬ್ಬರು ಗುರುತು ಹಾಕ್ಲಿ. ಎಲ್ಲ ಜೋಡಿಸಿ ಆದ ಮೇಲೂ ಪಟ್ಟಿಯ ಹಳೇ ಜಾಗದ ಕಾಲಂ ಅಳಿಸಬೇಡಿ. ಹತ್ತು ವರ್ಷದ ಹಿಂದೆ ಅಚ್ಚಾದ ಯಾವುದೋ ಲೇಖನದ ಅಡಿಟಿಪ್ಪಣಿಯಲ್ಲಿ "ಬೀರು 3, ಕಟ್ಟು 14" ಅಂತ ಇರುತ್ತೆ. ಅದನ್ನ ಹಿಡ್ಕೊಂಡು ಯಾರೋ ವಿದ್ಯಾರ್ಥಿನಿ ಹೊಸ ವಿಳಾಸಕ್ಕೆ ಬಂದಾಗ, ಆ ಕಟ್ಟು ಅವಳ ಕೈಗೆ ಸಿಗಬೇಕು.