ಆಪರೇಷನ್ ಜೊತೆಗೆ ಕೃತಕ ಕಾಲೂ ವಿಮೆಗೆ ಸೇರಲಿ
(ಸಂಘದ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪ್ರತಿ ಸಭೆಯಲ್ಲೂ ನಾನು ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣದ ಬಗ್ಗೆ ಮಾತಾಡುವವನು. ಇಂದು ಹಸು ಸಾಕುವವರ ಕಾಲಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಹೋದ ವರ್ಷ ಕರು ಹಾಕಲು ಕಷ್ಟಪಡುತ್ತಿದ್ದ ಹಸುವನ್ನು ನೋಡಲು ಒಂದು ಊರಿಗೆ ಹೋಗಿದ್ದೆ. ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಗಾಯ ಕೊಳೆತು, ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಆಪರೇಷನ್ ಖರ್ಚು ಕಾರ್ಡಿನಲ್ಲೇ ಹೋಯಿತಂತೆ. ಕೃತಕ ಕಾಲಿಗೆ ಮಾತ್ರ ಕೈಯಿಂದ ಹಣ ಹಾಕಬೇಕಾಗಿ ಬಂದು, ಇದ್ದ ಎರಡು ಹಸುಗಳಲ್ಲಿ ಒಂದನ್ನು ಮಾರಿದ್ದರು. "ಹಸೂಗೆ ವಿಮೆ ಮಾಡ್ಸಿದೀವಿ ಸಾರ್, ನನ್ನ ಕಾಲಿಗೆ ಇಲ್ವಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಿಂದ ಎಷ್ಟೋ ರೈತ ಕುಟುಂಬಗಳು ಸಾಲದಿಂದ ಪಾರಾದವು. ಆದರೆ ಅಂದಿನ ಪಟ್ಟಿಯಲ್ಲಿ ಕೃತಕ ಅಂಗಗಳನ್ನು ಹೊರಗಿಟ್ಟಿದ್ದರು. 2018ರಲ್ಲಿ ಆರೋಗ್ಯ ಕರ್ನಾಟಕದೊಂದಿಗೆ ಸೇರಿಹೋದ ಈ ಯೋಜನೆ 2022-23ರಲ್ಲಿ ಮತ್ತೆ ಬಂದಿತು. ಗಾಯ ಮಾಯಿಸಿ ಮನೆಗೆ ಕಳಿಸಿದರೆ ಚಿಕಿತ್ಸೆ ಅರ್ಧ ಮುಗಿದಂತೆ. ಮನುಷ್ಯ ಎದ್ದು ಕೊಟ್ಟಿಗೆಗೆ ನಡೆದರೆ ಪೂರ್ತಿಯಾದಂತೆ.

ನಮಗೆ ವಿದೇಶದ ದುಬಾರಿ ಕಾಲೇ ಬೇಕೆಂದಿಲ್ಲ. 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಥಿ ರೂಪಿಸಿದ 'ಜೈಪುರ ಕಾಲು' ಹಾಕಿಕೊಂಡು ಚಪ್ಪಲಿಯಿಲ್ಲದೆ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರಿಗೂ ಇಳಿಯಬಹುದು. ಹಾಲು ಕರೆಯುವವರಿಗೆ ಬೇಕಾದದ್ದು ಇದೇ.

ಒಂದು ಸಲ ಕೊಟ್ಟರೆ ಸಾಲದು. ಕತ್ತರಿಸಿದ ಭಾಗ ಮೊದಲ ಕೆಲವು ತಿಂಗಳಲ್ಲಿ ಸಣ್ಣಗಾಗುತ್ತದೆ. ಆಗ ಅಳತೆ ಬದಲಿಸಬೇಕು. ಬೆಳೆಯುವ ಮಕ್ಕಳಿಗೆ ಮತ್ತೆ ಮತ್ತೆ ಹೊಸದು ಬೇಕು. ಆದ್ದರಿಂದ ಅಳತೆ, ನಡಿಗೆಯ ತರಬೇತಿ, ರಿಪೇರಿ, ಬದಲಿ ಕಾಲು ಎಲ್ಲವೂ ವಿಮೆಯೊಳಗೆ ಬರಬೇಕು.

ಅಲ್ಲಿಯವರೆಗೆ ಇರುವ ಸೌಲಭ್ಯ ಬಿಡಬೇಡಿ. 1981ರಿಂದ ನಡೆಯುತ್ತಿರುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ಕೃತಕ ಅಂಗ ದೊರೆಯುತ್ತದೆ. ಶೇ. 40 ಅಂಗವಿಕಲತೆಯ ಪ್ರಮಾಣಪತ್ರ ಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ಕೃತಕ ಅಂಗಗಳನ್ನು ವಿಮೆಯ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಬೇಕೆಂದು ಪ್ರತಿ ಸಂಘವೂ ನಿರ್ಣಯ ಮಾಡಿ ಒಕ್ಕೂಟಕ್ಕೆ ಕಳಿಸಲಿ. ಹಸು ಕುಂಟಿದರೆ ಅದೇ ದಿನ ನನಗೆ ಹೇಳಿಕಳಿಸುತ್ತೀರಿ. ಸಾಕಿದವರು ಕುಂಟಿದಾಗಲೂ ಅಷ್ಟೇ ಅವಸರ ನಮಗಿರಲಿ.