ಹೊಳೆಯಾಚೆಯ ಮಸೀದಿ



ಹಳೆಯ ಮಸೀದಿಗಳ ಮಾತು ಬಂದರೆ ನಮ್ಮ ಮುನಿರಾಬಾದ್, ಗಂಗಾವತಿ ಸೀಮೆಯವರು ಕಲಬುರಗಿ, ವಿಜಯಪುರದ ಹೆಸರು ಹೇಳುತ್ತಾರೆ. ಹೆಚ್ಚೆಂದರೆ ರಾಯಚೂರಿನ ಏಕ್ ಮಿನಾರ್ ಮಸೀದಿ, ಅದು 1513ರದ್ದು. ಅದಕ್ಕಿಂತ ಹಳೆಯದೊಂದು ಮಸೀದಿ ನಮ್ಮ ಹೊಳೆಯ ಆಚೆ ದಡದಲ್ಲೇ, ಹಂಪಿಯಲ್ಲಿ ಇದೆ. ಆನೆಗೊಂದಿಯ ಕಡೆಯಿಂದ ತುಂಗಭದ್ರೆ ದಾಟಿ, ತಳವಾರಘಟ್ಟದಿಂದ ಕಮಲಾಪುರದ ದಾರಿ ಹಿಡಿದವರು ಅದರ ಹತ್ತಿರದಲ್ಲೇ ಹಾದುಹೋಗುತ್ತಾರೆ. ನೋಡುವವರು ಕಡಿಮೆ. ನೋಡಿದರೂ, ಇದು ಮಸೀದಿ ಎಂದು ಯಾರಾದರೂ ಹೇಳಬೇಕು.

ಗುಮ್ಮಟವಿಲ್ಲ, ಮಿನಾರಿಲ್ಲ, ಮುಂದೆ ಕಮಾನೂ ಇಲ್ಲ. ಕಲ್ಲಿನ ಜಗತಿ, ಸಾಲುಗಂಬ, ಮೇಲೆ ಚಪ್ಪಟೆ ಮಾಳಿಗೆ. ಊರೂರಿನ ಗುಡಿಗಳ ಮುಂದಿರುವ ಮಂಟಪದಂತೆಯೇ ಪೂರ್ವಕ್ಕೆ ಬಾಯ್ತೆರೆದು ನಿಂತಿದೆ. ಒಳಗೆ ಹೋಗಿ ಪಡುವಣ ಗೋಡೆ ನೋಡಬೇಕು. ಅಲ್ಲೊಂದು ಸಣ್ಣ ಗೂಡು. ಅದೇ ಮಿಹ್ರಾಬು, ನಮಾಜಿಗೆ ನಿಂತವರಿಗೆ ಮೆಕ್ಕಾದ ದಿಕ್ಕು ತೋರಿಸುವುದು.

ಇದನ್ನು ಕಟ್ಟಿಸಿದವನು ಅಹಮದ್ ಖಾನ್, ವಿಜಯನಗರದ ಅರಸ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಧಿಕಾರಿ. ಕಾಲ 1439. ಇಷ್ಟು ಖಚಿತವಾಗಿ ಹೇಳಲು ಕಾರಣ ಅಲ್ಲಿನ ಕನ್ನಡ ಶಾಸನ. ದೇವರಾಯನಿಗೆ ಪುಣ್ಯವಾಗಲೆಂದು ಈ ಧರ್ಮಸಾಲೆಯನ್ನು ಮಾಡಿಸಿದೆ ಎಂಬ ಅರ್ಥದ ಮಾತು ಅದರಲ್ಲಿದೆ. ಒಡೆಯನ ಪುಣ್ಯಕ್ಕಾಗಿ ಗುಡಿ, ಕೆರೆ, ಛತ್ರ ಕಟ್ಟಿಸುತ್ತಿದ್ದ ಬೇರೆ ಅಧಿಕಾರಿಗಳ ಸಾಲಿನಲ್ಲೇ ಈತನೂ ನಿಂತಿದ್ದಾನೆ.

ವಿಜಯನಗರಕ್ಕೆ ಇಂಥವರು ಬಂದದ್ದೇಕೆ? ದೇವರಾಯ 1424ರಿಂದ 1446ರವರೆಗೆ ಆಳಿದವನು. ಬಹಮನಿಗಳ ಮುಂದೆ ಸೋಲು ಕಂಡ ಮೇಲೆ ಅವರ ಕುದುರೆ, ಅವರ ಬಿಲ್ಲುಗಾರಿಕೆಗೆ ಸಮನಾದ ದಂಡು ಬೇಕೆಂದು ಮುಸ್ಲಿಂ ಸೈನಿಕರನ್ನು ಸೇರಿಸಿಕೊಂಡ. ಅವರಿಗೆ ಉಂಬಳಿ ಕೊಟ್ಟ, ಮಸೀದಿ ಕಟ್ಟಿಸಿದ, ಅವರು ನಮಿಸಲೆಂದು ಸಿಂಹಾಸನದ ಮುಂದೆ ಕುರಾನ್ ಇಡಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಆತ ಬಿಜಾಪುರದ ಆಸ್ಥಾನದಲ್ಲಿ ಕುಳಿತು, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರೆದವನು. ಕುರಾನಿನ ಕಥೆಗೆ ಸ್ವಲ್ಪ ಬಣ್ಣ ಬಿದ್ದಿದ್ದರೂ ಬಿದ್ದಿರಬಹುದು. ದಂಡು ಬಂದದ್ದು ಮಾತ್ರ ನಿಜ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಊರಿನ ಅಂಚಿನಲ್ಲಿ ಮುಸ್ಲಿಮರ ಕೇರಿಯನ್ನು ಕಂಡಿದ್ದ. ಅವರಲ್ಲಿ ಬಹಳ ಜನ ಈ ನಾಡಿನವರೇ, ಅರಸನ ಸಂಬಳದ ಕಾವಲಿನವರು ಎಂದೂ ಬರೆದಿಟ್ಟ.

ಕಟ್ಟಡಕ್ಕೆ ಮರಳೋಣ. ನಮ್ಮ ಕಣಶಿಲೆಯ ತೊಲೆ ಬಹಳ ಉದ್ದ ಹಾಯುವುದಿಲ್ಲ, ನಡುವೆ ಬಿರಿಯುತ್ತದೆ. ಹಾಗಾಗಿ ಕಂಬಗಳು ಹತ್ತಿರ ಹತ್ತಿರ ಬರಬೇಕು. ಹಂಪಿಯ ಬಂಡೆಗಳ ಮೇಲೆ ಇವತ್ತಿಗೂ ಸಾಲಾಗಿ ಕೊರೆದ ಉಳಿಗುಳಿಗಳು ಕಾಣುತ್ತವೆ. ಬೆಣೆ ಬಡಿದು ಸೀಳಿದ ಗುರುತು ಅದು. ಗುಡಿಗೆ ಕಂಬ ಎತ್ತಿದ ಕೈಗಳ ಕಸುಬೇ ಇಲ್ಲೂ ಕಾಣುತ್ತದೆ. ಅವರಿಗೆ ದಿಕ್ಕನ್ನೂ ಬದಲಿಸಬೇಕಾಗಲಿಲ್ಲ. ಪೂರ್ವಾಭಿಮುಖ ಗುಡಿಯಲ್ಲಿ ಭಕ್ತ ಪಶ್ಚಿಮಕ್ಕೆ ಮುಖ ಮಾಡಿಯೇ ಕೈಮುಗಿಯುತ್ತಾನೆ, ನಮಾಜಿಗೂ ಇಲ್ಲಿಂದ ಪಶ್ಚಿಮವೇ. ಗರ್ಭಗುಡಿ ಇರಬೇಕಾದ ಕಡೆ ಗೋಡೆ ಮುಚ್ಚಿ ಗೂಡು ಕೊರೆದರೆ ಕೆಲಸ ಆಯಿತು.

ಕಮಾನು, ಗುಮ್ಮಟ ಕಟ್ಟುವುದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಮಸೀದಿಯ ಪಕ್ಕದಲ್ಲೇ ಅಹಮದ್ ಖಾನನದೆನ್ನುವ ಗೋರಿಯಿದೆ: ಚೌಕ ಕಟ್ಟಡ, ಗೋಡೆಗೆ ಕಮಾನಿನ ಗೂಡುಗಳು, ಮೇಲೆ ಗುಮ್ಮಟ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ 1367ರಲ್ಲೇ ಎದ್ದಿತ್ತು. ಅಂಗಳವನ್ನೂ ಬಿಡದೆ ಪೂರಾ ಮುಚ್ಚಿದ, ಕಮಾನು ಗುಮ್ಮಟಗಳದೇ ಕಟ್ಟಡ ಅದು. ಅದರ ಮಾದರಿ ಕಣ್ಣೆದುರಿದ್ದರೂ ಇಲ್ಲಿ ಪ್ರಾರ್ಥನೆಗೆ ಮಂಟಪ, ಗೋರಿಗೆ ಗುಮ್ಮಟ.

ಇನ್ನೊಂದು ಕಡೆ ನೋಡಿ. ಅರಮನೆ ಆವರಣದ ಕಮಲ ಮಹಲಿಗೆ ಕಮಾನು ಬಂತು. ಆನೆ ಲಾಯದ ಹನ್ನೊಂದು ಕೋಣೆಗಳ ಮೇಲೆ ಗುಮ್ಮಟಗಳು ಬಂದವು. ಹಿಂದೂ ಅರಸನ ಆನೆಗೆ ಗುಮ್ಮಟ, ಮುಸ್ಲಿಂ ಅಧಿಕಾರಿಯ ನಮಾಜಿಗೆ ಮಂಟಪ! ಕಟ್ಟಡದ ಶೈಲಿಗೆ ಜಾತಿ ಹಚ್ಚುವವರು ಈ ಎರಡನ್ನೂ ಒಂದೇ ದಿನ ನೋಡಬೇಕು ಅನ್ನಿಸುತ್ತದೆ ನನಗೆ.

ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಜನ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಮುಂದಿನ ಸಲ ಹೋದಾಗ ಒಂದರ್ಧ ಗಂಟೆ ಇತ್ತ ಬನ್ನಿ, ಮಕ್ಕಳನ್ನೂ ಕರೆತನ್ನಿ. ಕಂಬದ ಮೇಲೆ ಹೆಸರು ಗೀಚಬೇಡಿ.